ಬಚ್ಚ ಮಾಷ್ಟ್ರ ಬಲಗಾಲು

"ಅದನ್ನ್ ಮುಟ್ಟುಕಾಗ!"

ಸೀತು ಕೂಗಿದ ರಭಸಕ್ಕೆ, ವ್ಯಾನಿನ ಹಿಂದಿನ ಕೆಂಪು ಎಲ್ ಬೋರ್ಡ್ ಬಿಚ್ಚುತ್ತಿದ್ದ ಹಳೆಯ ಶಿಷ್ಯ ಗುಡ್ಡನ ಕೈಯಿಂದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

"ಹ್ವಾಯ್ ಸೀತಕ್ಕ, ಹೆಣ ಹೋಪ ಗಾಡಿಗೆ ಎಲ್ ಬೋರ್ಡ್ ಎಂತಕೆ? ಕಂಡವ್ರ್ ಎಂತ ಹೇಳ್ತ್ರ್? ಮಾಷ್ಟ್ರ್ ಇನ್ನೂ ಕಲೀತಾ ಇದ್ರ್ ಅಂತ್ರ್."

"ಮೂವತ್ತೊಂದ್ ವರ್ಷ ಅದ್ರ ಒಟ್ಟಿಗೇ ತಿರ್ಗಿದವ ನನ್ ತಮ್ಮ. ಇವತ್ತೂ ಇರ್ಲಿ."

ಬೋರ್ಡು ಉಳಿಯಿತು.

ಉಪ್ಪುಂದದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಬಚ್ಚ ಮೊಗವೀರರು ಅರುವತ್ತೆಂಟನೇ ವಯಸ್ಸಿನಲ್ಲಿ, ಆ ದಿನ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡಿದ್ದರು. ಅವರನ್ನು ಸ್ಕೂಲಿನ ವ್ಯಾನಿನಲ್ಲೇ ಕಳಿಸಬೇಕೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಹಿಂದಿನ ಸೀಟು ತೆಗೆದು ಚಾಪೆ ಹಾಸಿಯಾಗಿತ್ತು. ಓಡಿಸುವವರು ಯಾರು ಎಂಬುದೇ ಪ್ರಶ್ನೆ. ಅಂಗಳದಲ್ಲಿ ಸೇರಿದ್ದ ಗಂಡಸರೆಲ್ಲ ಮಾಷ್ಟ್ರಿಂದಲೇ ಕಲಿತವರು. ಎಲ್ಲರೂ ಕೀಗೆ ಕೈ ಚಾಚಿದರು. ಸೀತು ಅದನ್ನು ಮಾಷ್ಟ್ರ ಒಬ್ಬಳೇ ಮಗಳು ಮೋಕ್ಷಿತಾಳ ಕೈಗೆ ಕೊಟ್ಟಳು.

"ಹೆಣ್ಮಕ್ಳ್ ಸ್ಮಶಾನಕ್ಕೆ ಹೋಪುಕಿತ್ತಾ ಅಮ್ಮ?" ಎಂದ ಸೀತುವಿನ ಮಗ ರಂಜನ್. ಮಾವನ ಚಿತೆಗೆ ಬೆಂಕಿ ಕೊಡಬೇಕಾದವನು ಅವನೇ.

"ಅವ್ಳ್ ಹೆಣ್ಣಾಯಿ ಹೋಪುದಲ್ಲ, ಡ್ರೈವರಾಯಿ ಹೋಪುದ್. ನೀ ಬೆಂಕಿ ಮಡ್ಕಿ ಹಿಡ್ಕಂಡ್ ಸುಮ್ನೆ ಹತ್ತ್."

"ಬೆಂಕಿ ಮಡ್ಕಿ ಪೆಟ್ರೋಲ್ ಗಾಡಿಯೊಳ್ಗೆ ಬಪ್ಪುಕಾಗ," ಎಂದಳು ಮೋಕ್ಷಿತಾ.

ಕೊನೆಗೆ ರಂಜನ್ ಮಡಕೆ ಹಿಡಿದು ಬೈಕೊಂದರ ಹಿಂದೆ ಕೂತ.

ಡ್ರೈವರ್ ಸೀಟಿಗೆ ಹತ್ತಿದ ಮೋಕ್ಷಿತಾಳ ಕಿಟಕಿಗೆ ಬಂದು ಗುಡ್ಡ ದನಿ ತಗ್ಗಿಸಿದ. "ಹೆಣ್ಣೇ, ಇವತ್ ಒಂದಿನ ಮಾಷ್ಟ್ರ್ ಬಿಟ್ಟಾಂಗೆ ಬಿಡ್. ನಿನ್ ನಮೂನಿ ಬ್ಯಾಡ."

ದನಿ ತಗ್ಗಿಸಿದ್ದು ವ್ಯರ್ಥ. ಅಂಗಳಕ್ಕೆಲ್ಲ ಕೇಳಿತು. ಎಲ್ಲರೂ ಬೇರೆ ಎಲ್ಲೋ ನೋಡಿದರು.

*

ಬಚ್ಚ ಮಾಷ್ಟ್ರು ೧೯೯೪ರಲ್ಲಿ ಸ್ಕೂಲ್ ತೆರೆದದ್ದು ಒಂದು ಹಳೆಯ ಕಾರಿನಿಂದ. ಆಕ್ಸಿಲರೇಟರಿನಿಂದ ಪೂರ್ತಿ ಕಾಲೆತ್ತಿದರೆ ಅದರ ಇಂಜಿನ್ ನಿಂತುಬಿಡುತ್ತಿತ್ತು. ಹಾಗಾಗಿ ಅವರ ಮೊದಲ ಪಾಠ: "ಬಲಗಾಲ್ ತೆಗೂಕಾಗ." ಗೇರು ಬದಲಿಸಲು ಎಡಗಾಲು ಕ್ಲಚ್ ಒತ್ತುವಾಗಲೂ ಬಲಗಾಲು ಆಕ್ಸಿಲರೇಟರಿನ ಮೇಲೇ ಇರಬೇಕು. ಹೊರೆಯಿಲ್ಲದ ಇಂಜಿನ್ ಆಗ 'ಗ್ವಂಯ್' ಎಂದು ಕಿರುಚುತ್ತಿತ್ತು. ಒಂದು, ಗ್ವಂಯ್, ಎರಡು, ಗ್ವಂಯ್, ಮೂರು.

ಒಂಬತ್ತು ವರ್ಷಗಳ ನಂತರ ಆ ಕಾರು ಗುಜರಿಗೆ ಹೋಯಿತು. ಪಾಠ ಹೋಗಲಿಲ್ಲ. ಆಮೇಲೆ ಬಂದ ಸರಿಯಾದ ಗಾಡಿಗಳಲ್ಲೂ ಅದೇ ಗ್ವಂಯ್. ಬೈಂದೂರಿನಿಂದ ಬಾರ್ಕೂರಿನವರೆಗೆ ಮೀನಿನ ಟೆಂಪೋ, ಶಾಲೆಯ ವ್ಯಾನು, ಮದುವೆಯ ಕಾರು, ಎಲ್ಲ ಹಾಗೇ ಕಿರುಚಿದವು. ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಲೇ ಸೀತು ಹೇಳುತ್ತಿದ್ದಳು: "ನಮ್ ಬಚ್ಚನ ಮಕ್ಳ್ ಹೋತಾ ಇತ್." ಮಾಷ್ಟ್ರ ಶಿಷ್ಯರಲ್ಲಿ ಟೆಸ್ಟ್ ಫೇಲಾದವರು ಕಡಿಮೆ. ಪೆಟ್ರೋಲ್ ದಂಡ ಮಾಡಿದವರು ಎಲ್ಲರೂ.

ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಸ್ಕೂಲಿಗೆ ಸೇರಿದ ಮೋಕ್ಷಿತಾ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದಳು. ಕಳೆದ ಸೆಪ್ಟೆಂಬರಿನಲ್ಲಿ, ವ್ಯಾನಿನಲ್ಲಿ ಮೂವರು ಕಲಿಯುವವರಿದ್ದಾಗ, ಬಾಯಿ ಬಿಟ್ಟಳು.

"ಅಪ್ಪಯ್ಯ, ನೀವ್ ಕಲ್ಸುದ್ ತಪ್ಪ್. ಕ್ಲಚ್ ಒತ್ತುವಾಗ ಬಲಗಾಲ್ ಮೇಲೆ ಬರ್ಕ್."

ಮಾಷ್ಟ್ರು ಗಾಡಿ ನಿಲ್ಲಿಸಲು ಹೇಳಿದರು. ಇಳಿದರು. ಎರಡು ಕಿಲೋಮೀಟರ್ ನಡೆದು ಮನೆಗೆ ಬಂದು ಕೀಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಆಮೇಲೆ ಅವರು ಗಾಡಿ ಹತ್ತಲಿಲ್ಲ. ಜಗಳವನ್ನೂ ಆಡಲಿಲ್ಲ. ಬಂಗುಡೆ ಮೀನಿನ ರೇಟಿನ ಬಗ್ಗೆ ಮಾತಾಡಿದರು, ಸೊಳ್ಳೆಯ ಬಗ್ಗೆ ಮಾತಾಡಿದರು, ಗೇರಿನ ಬಗ್ಗೆ ಮಾತಾಡಲಿಲ್ಲ. ಅದು ಸಿಟ್ಟೋ ಒಪ್ಪಿಗೆಯೋ ಮೋಕ್ಷಿತಾಳಿಗೆ ಆರು ತಿಂಗಳಾದರೂ ತಿಳಿಯಲಿಲ್ಲ. ಕೇಳಬೇಕು ಎಂದುಕೊಂಡೇ ಮಾರ್ಚ್ ಬಂತು. ಇನ್ನು ಕೇಳುವಂತಿರಲಿಲ್ಲ.

*

ವ್ಯಾನು ಹೊರಟಿತು. ಹಿಂದೆ ಚಾಪೆಯ ಮೇಲೆ ಮಾಷ್ಟ್ರು, ಸುತ್ತ ಗುಡ್ಡ ಮತ್ತು ಇನ್ನು ಮೂವರು. ಓಣಿ ದಾಟಿದೊಡನೆ ಮೋಕ್ಷಿತಾ ಎರಡನೇ ಗೇರು ಹಾಕಿದಳು. ಇಂಜಿನ್ ತುಟಿ ಬಿಚ್ಚಲಿಲ್ಲ.

"ಗೇರ್ ಹಾಕಿದ್ಯಾ?" ಹಿಂದಿನಿಂದ ಗುಡ್ಡ.

"ಎರಡ್ನೇದ್ರಗಿತ್."

"ಎಂತದೂ ಕೇಣ್ತಿಲ್ಲೆ ಮಾರಾಯ್ತಿ."

"ಕೇಣೂಕಾಗ ಗುಡ್ಡಣ್ಣ. ಅದೇ ಸರಿ."

ಗುಡ್ಡ ಬಾಗಿ ಹೆಣದ ಕಿವಿಗೆ ಹೇಳಿದ: "ಮಾಷ್ಟ್ರೇ, ಹೆದ್ರ್ಬೇಡಿ. ಇಂಜಿನ್ ಆಫ್ ಆಯ್ಲಿಲ್ಲೆ."

ಒಬ್ಬ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಇನ್ನೊಬ್ಬನ ಹೊಟ್ಟೆ ಕುಲುಕಿತು. ನಾಲ್ವರೂ ತಲೆ ತಗ್ಗಿಸಿ ನಕ್ಕರು. ನಗು ನಿಂತಾಗ ಗುಡ್ಡ ಮಾತ್ರ ಅಳುತ್ತಿದ್ದ.

"ನಂಗೆ ಅಕ್ಷರ ಬತ್ತಿಲ್ಲೆ ಹೆಣ್ಣೇ. ನಂಗ್ ಬಪ್ಪುದ್ ಅವ್ರ್ ಕಲ್ಸದ್ ಇದೊಂದೇ. ಅದೂ ತಪ್ಪ್ ಅಂದ್ರೆ ನಾ ಎಂತ ಮಾಡ್ಕ್?"

ಹೆದ್ದಾರಿ ದಾಟಿ ಕಡಲ ಕಡೆಗಿನ ನೇರ ರಸ್ತೆಗೆ ವ್ಯಾನು ತಿರುಗಿತು. ಮೂರನೇ ಗೇರಿಗೆ ಎಡಗಾಲು ಕ್ಲಚ್ ಒತ್ತಿತು. ಬಲಗಾಲನ್ನು ಮೋಕ್ಷಿತಾ ಬೇಕೆಂದೇ ಅಲ್ಲೇ ಬಿಟ್ಟಳು.

ಗ್ವಂಯ್!

ಚಾ ಅಂಗಡಿಯ ಬೆಂಚಿನಲ್ಲಿದ್ದವರು ಲೋಟ ಇಟ್ಟು ಎದ್ದು ನಿಂತರು. ಹಿಂದಿನ ಬೈಕು ಬೆಚ್ಚಿ ವಾಲಿತು. ರಂಜನ್ ಮಡಕೆಯನ್ನು ಎದೆಗೆ ಅವುಚಿಕೊಂಡು ಬೊಬ್ಬೆ ಹೊಡೆದ.

"ಹಾಂ," ಎಂದ ಗುಡ್ಡ, ಕಣ್ಣೊರೆಸಿಕೊಂಡು. "ಈಗ ಮಾಷ್ಟ್ರ್ ಹೊರಟ್ರ್."

*

ಸ್ಮಶಾನದಿಂದ ಬಂದವರು ಮೀಯದೆ ಒಳಗೆ ಕಾಲಿಡುವಂತಿಲ್ಲ. ಮೋಕ್ಷಿತಾ ಹಿತ್ತಲಿನ ಬಚ್ಚಲುಮನೆಗೆ ಹೋದಳು. ಹೆಣ ಮೀಯಿಸಲು ಬೆಳಿಗ್ಗೆಯಿಂದ ಹಂಡೆ ಹಂಡೆ ನೀರು ಕಾಯಿಸಿದ್ದರಿಂದ ಮೂಲೆಯ ಸೌದೆ ರಾಶಿ ಕರಗಿತ್ತು. ಅದರ ಹಿಂದೆ ಗೋಡೆಗೆ ಒರಗಿಸಿದ್ದ ಹಲಗೆಯೊಂದು ಕಂಡಿತು. ಹಲಗೆಗೆ ಗಾಡಿಯ ಪೆಡಲುಗಳ ಹಾಗೆ ಸಾಲಾಗಿ ಮೂರು ಕರಟ. ಬಲಗಡೆಯ ಎರಡಕ್ಕೆ ಮೊಳೆ ಹೊಡೆದಿತ್ತು. ಎಡಗಡೆಯದು ಮಾತ್ರ ಸೈಕಲ್ ಟ್ಯೂಬಿನ ಪಟ್ಟಿಯ ಮೇಲೆ ಕೂತಿತ್ತು, ಒತ್ತಿದರೆ ತಗ್ಗುವಂತೆ. ಅದಕ್ಕೆ ಬಲೆಯ ನೈಲಾನ್ ಹಗ್ಗ ಬಿಗಿದಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಕುಣಿಕೆ.

"ಅಮ್ಮ, ಇದೆಂತ?"

ಒಣಬಟ್ಟೆ ಹಿಡಿದು ಹೊರಗೆ ನಿಂತಿದ್ದ ಮಾಷ್ಟ್ರ ಹೆಂಡತಿ ಜಲಜ ಒಳಗೆ ಇಣುಕಿದಳು.

"ಅದಾ? ನಿಂಗೆ ಹೇಳೂಕಾಗ ಅಂದಿದ್ರ್. ಆರ್ ತಿಂಗ್ಳಿಂದ ಮೀವುಕೆ ಹೋರೆ ಒಂದ್ ಗಂಟೆ. ನೀರ್ ತಣ್ದ್ ಹೋತಿತ್ತ್. ಎಂತ ಮಾಡ್ತ್ರಿ ಅಂತ ಬಾಗ್ಲ್ ಬಡ್ದ್ರೆ, ಬಲಗಾಲಿಗೆ ಬುದ್ಧಿ ಕಲ್ಸ್ತಾ ಇದ್ದೆ ಅಂದ್ರ್."

"ಕಲ್ತ್ರಾ?"

"ಎಲ್ಲಿ! ಕಡಿಗೆ ಹಗ್ಗ ಕಟ್ರ್."

ಜಲಜ ಬಟ್ಟೆಯನ್ನು ಬಾಗಿಲ ಮೇಲೆ ಹಾಕಿ ಹೋದಳು. ಮೋಕ್ಷಿತಾ ಹಲಗೆಯನ್ನು ಮಣೆಯ ಮುಂದೆ ಇಟ್ಟಳು. ಹಗ್ಗವನ್ನು ಮಾಡಿನ ತೊಲೆಯ ಮೇಲಿಂದ ದಾಟಿಸಿದಳು. ತೊಲೆಯಲ್ಲಿ ಅದು ಉಜ್ಜಿದ ಗೀರು ಮೊದಲೇ ಇತ್ತು. ಮಣೆಯಲ್ಲಿ ಕೂತು ಬಲಗಾಲನ್ನು ಕುಣಿಕೆಗೆ ತೂರಿಸಿ ಬಲತುದಿಯ ಕರಟದ ಮೇಲಿಟ್ಟಳು. ಎಡಗಾಲಿನಿಂದ ಎಡತುದಿಯದನ್ನು ಒತ್ತಿದಳು.

ತೊಲೆ ಸಣ್ಣಗೆ ಕಿರ್ರೆಂದಿತು. ಬಲಗಾಲು ತಾನಾಗಿಯೇ ಮೇಲೆ ಬಂತು.