ಎರವಲು ಕೊರಳು

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಾಗಿ ಕಷಾಯ ಪಕ್ಕದ ಮನೆಯಿಂದ ಬಂತು. ಗಿರಿಜಕ್ಕ ಸೆರಗಿನಲ್ಲಿ ಬಿಸಿ ಲೋಟ ಹಿಡಿದು, ಬಾಗಿಲಲ್ಲಿ ನಿಂತಿದ್ದ ಗಂಡಸರನ್ನು ಮೊಣಕೈಯಿಂದ ಸರಿಸಿಕೊಂಡು ನಡುಮನೆಗೆ ಬಂದಳು.

"ಶುಂಠಿ, ಮೆಣ್ಸು, ಬೆಲ್ಲ ಹಾಕಿವ್ನಿ. ಕುಡಿ ಪುಷ್ಪಾ. ಒಂದು ಸಲನಾದ್ರೂ ಅವ್ವಾ ಅನ್ನು."

ಪುಷ್ಪಾ ಕುಡಿದಳು. ತಾಯಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಆ ಮುಖ ನೋಡುತ್ತ ಬಾಯಿ ತೆರೆದಳು. ತೂತು ಬಿದ್ದ ತಿದಿಯ ಹಾಗೆ ಏನೋ ಬುಸ್ಸೆಂದಿತು, ಅಷ್ಟೇ.

ಆಲೂರು ಕಡೆಯ ಆ ಊರಿನಲ್ಲಿ ಹೆಣ ಹೊರುವುದು ಗಂಡುಮಕ್ಕಳ ಕೆಲಸ, ಹಾಡಿಕೊಂಡು ಅಳುವುದು ಹೆಣ್ಣುಮಕ್ಕಳ ಕೆಲಸ. ತಾಯಿಯ ಒಂದೊಂದು ಗುಣವನ್ನೂ ಎತ್ತಿ ಆಡಿ ಮಗಳು ಅಳಬೇಕು. ಆಗ ಅವಳು ಯಾರನ್ನು ಏನು ಬೇಕಾದರೂ ಅನ್ನಬಹುದು. ಅತ್ತು ಆಡಿದ ಮಾತಿಗೆ ಯಾರೂ ಎದುರಾಡುವಂತಿಲ್ಲ. ಮಗಳಿದ್ದೂ ಅವಳ ಅಳು ಕೇಳದೆ ಹೆಣ ಎತ್ತಿದರೆ, ಆ ತಾಯಿಯ ಬಾಳಿಗೇ ಏನೋ ಊನವಿತ್ತೆಂದು ಜನ ತಿಳಿಯುತ್ತಾರೆ.

"ಮದ್ವೆ ಮನೇಲಿ ಹಾಡಿ ಹಾಡಿ ಗಂಟ್ಲು ಕಟ್ಟೈತಂತೆ," ಎಂದಳು ಒಬ್ಬಳು.

"ಹೆತ್ತೋಳಿಗೆ ಅಂತ ಒಂಚೂರೂ ಉಳಿಸ್ಲಿಲ್ಲ ಬುಡು," ಎಂದಳು ಇನ್ನೊಬ್ಬಳು. ಪಿಸುಮಾತೇ ಆದರೂ ಕೇಳಬೇಕಾದವಳಿಗೆ ಕೇಳಿಸಿತು.

ಯಸಳೂರಿನ ಹತ್ತಿರದ ಗಂಡನ ಮನೆಯಲ್ಲಿ ಮೈದುನನ ಮದುವೆ. ಅರಿಸಿನ ಕುಟ್ಟುವಾಗಿನಿಂದಲೂ ಸೋಬಾನೆ ಹೇಳಿದವಳು ಪುಷ್ಪಾ. ಹಾಡು ಅವಳಿಗೆ ತಾಯಿಯಿಂದ ಬಂದದ್ದು. ಚಪ್ಪರದ ದಿನ ಸಂಜೆಯ ಹೊತ್ತಿಗೆ ಧ್ವನಿ ಒಡೆಯಿತು. ನೆಂಟರು, ಅಡುಗೆ, ನೂರೆಂಟು ತಾಪತ್ರಯಗಳನ್ನು ಬಿಟ್ಟು ಅತ್ತೆ ಸುಲೋಚನಮ್ಮ ಒಲೆಯ ಮುಂದೆ ಕೂತು ಹಾಲಿಗೆ ಮೆಣಸಿನ ಪುಡಿ, ಅರಿಸಿನ ಹಾಕಿ ಕಾಯಿಸಿದಳು. ದವಡೆಗೆ ಜ್ಯೇಷ್ಠಮಧುವಿನ ಚೂರು ಇಟ್ಟುಕೊಳ್ಳಲು ಕೊಟ್ಟಳು. ಬೆಚ್ಚಗಿನ ಎಣ್ಣೆ ತಂದು ಸೊಸೆಯ ಗಂಟಲಿಗೆ ತಾನೇ ನೀವಿದಳು.

"ನಾಳೆ ಧಾರೆ ಮುಗಿಯೋಗಂಟ ತಡ್ಕ ಮಗ."

ಅತ್ತೆಯ ಕಣ್ಣಲ್ಲಿ ನೀರಿತ್ತು. ಕೇಳಿದ್ದಕ್ಕೆ ಹೊಗೆ ಎಂದಳು. ಬಂದಾಗಿನಿಂದ ಆ ಮನೆಯಲ್ಲಿ ಅಂಥ ಅಕ್ಕರೆ ಕಂಡಿರದ ಪುಷ್ಪಾ ಹಿರಿಹಿರಿ ಹಿಗ್ಗಿದಳು. ಆ ಹಿಗ್ಗಿನಲ್ಲೇ ಮಾರನೆಯ ದಿನ ಧಾರೆ ಮುಗಿಯುವವರೆಗೂ ಹಾಡಿದಳು. ಕೊನೆಗೆ ಧ್ವನಿ ಪೂರ್ತಿ ನಿಂತೇಹೋಯಿತು. ಊಟದ ಎಲೆ ಎತ್ತಿದ ಮೇಲೆ ಅತ್ತೆ ಅವಳನ್ನು ಕೋಣೆಗೆ ಕರೆದು, "ನಿಮ್ಮವ್ವ ಹೋಗ್ಬುಟ್ರು ಕಣವ್ವ," ಎಂದಳು.

ಅತ್ತೆ, ಸೊಸೆ ಜೀಪಿನಲ್ಲಿ ಬಂದಿಳಿದಾಗ ಅಣ್ಣ ಶಾಂತಮಲ್ಲಪ್ಪ ಅಂಗಳದಲ್ಲೇ ನಿಂತಿದ್ದ.

"ಮದ್ವೆ ಊಟ ಆಯ್ತಾ?" ಎಂದ. "ನಿನ್ನೆ ಬೆಳಿಗ್ಗೇನೆ ನಿಮ್ಮೂರಿನ ಬೂತಿಗೆ ಫೋನ್ ಮಾಡಿದ್ದೆ. ಅವ್ವ ನಿನ್ನೇ ಕೇಳ್ತಾವ್ಳೆ, ಬೇಗ ಕಳಿಸಿ ಅಂತ ನಿಮ್ಮತ್ತೆ ಕೈಲೇ ಹೇಳಿದ್ನಲ್ಲ. ನಿನ್ನೆಯಿಂದ ಇವತ್ತು ಬೆಳಗಾಗೋವರ್ಗೂ ನೀರು ನೀರು ಅಂತಾನೇ ಇದ್ಲು. ಕೊನೇ ನೀರು ಗಿರಿಜಕ್ಕ ಬಾಯಿಗೆ ಬುಟ್ಟಿದ್ದು."

ಪುಷ್ಪಾ ತಿರುಗಿ ನೋಡಿದಳು. ಸುಲೋಚನಮ್ಮ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದವಳು ಬಹಳ ಹೊತ್ತು ಮೇಲೇಳಲಿಲ್ಲ.

ಈಗ ಹೊರಗಿನಿಂದ ಯಾರೋ ಕೂಗಿದರು. "ಹೊತ್ತಾಯ್ತು ಕಣ್ರೀ. ಕತ್ತಲಾಗೋಕೆ ಮುಂಚೆ ಮಣ್ಣಾಗ್ಬೇಕು."

ಲೋಟ ಬರಿದಾಗಿತ್ತು. ಮೆಣಸಿನ ಉರಿ ಬಿಟ್ಟರೆ ಗಂಟಲಲ್ಲಿ ಬೇರೇನೂ ಇರಲಿಲ್ಲ. ಗಿರಿಜಕ್ಕ ಪುಷ್ಪಾಳನ್ನು ತಬ್ಬಿ ಪಕ್ಕದಲ್ಲಿ ಕೂತಳು. "ನನ್ ಕಿವೀಲಿ ಹೇಳು. ನಿನ್ ಹೆಸ್ರಲ್ಲಿ ನಾನು ಅಳ್ತೀನಿ."

ಪುಷ್ಪಾ ಹೇಳಿದಳು. ಗಿರಿಜಕ್ಕ ಧ್ವನಿ ಎತ್ತಿದಳು.

"ಹಠ ಮಾಡಿದ್ರೂ ತಲೆ ಬಾಚಿದ ಕೈಯೇ ನನ್ನವ್ವಾ... ಬಸುರೀಲಿ ಬಂದಾಗ ಹುಣಸೆಕಾಯಿ ಹುಡುಕ್ದ ಕೈಯೇ ನನ್ನವ್ವಾ..."

ಹೆಂಗಸರ ಕಣ್ಣೀರು ಕಟ್ಟೆಯೊಡೆಯಿತು. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಶಾಂತಮಲ್ಲಪ್ಪ ಜಗುಲಿಯಲ್ಲಿ ಕುಸಿದು ಕೂತ. ಇನ್ನು ಅಳುವಿನಲ್ಲಿ ಬೈಸಿಕೊಳ್ಳುವ ಸರದಿ ಬೀಗಿತ್ತಿಯದು ಎಂದು ಎಲ್ಲರಿಗೂ ಗೊತ್ತಿತ್ತು. ಫೋನಿನ ಸಂಗತಿ ಊರಿಗೆಲ್ಲ ತಿಳಿದಿತ್ತು. ಕಂಬಕ್ಕೆ ಒರಗಿದ್ದ ಸುಲೋಚನಮ್ಮನಿಗೂ ಅದು ಗೊತ್ತಿತ್ತು. ಸೆರಗನ್ನು ಮುಖಕ್ಕೆ ಎಳೆದುಕೊಂಡು ಕಾಯುತ್ತ ಕೂತಿದ್ದಳು.

ಪುಷ್ಪಾ ಒಂದು ಗಳಿಗೆ ಅವಳನ್ನೇ ನೋಡಿದಳು. ಆದರೆ ಗಿರಿಜಕ್ಕನ ಕಿವಿಗೆ ಬಗ್ಗಿ ಹೇಳಿದ ಮಾತು ಬೇರೆಯೇ ಆಗಿತ್ತು. "ನೀನು ನೀರು ನೀರು ಅಂತಿದ್ದಾಗ ನಾನು ಸೋಬಾನೆ ಹೇಳ್ತಿದ್ದೆ ಕಣವ್ವ."

"ಅದ್ನ ನಾನು ಹೆಂಗೆ ಅನ್ಲವ್ವ?" ಎಂದಳು ಗಿರಿಜಕ್ಕ ಮೆಲ್ಲಗೆ. ಪುಷ್ಪಾ ಅವಳ ಕೈ ಬಿಡಲಿಲ್ಲ.

"ನೀನು ನೀರು ನೀರು ಅಂತಿದ್ದಾಗ ನನ್ನವ್ವಾ..." ಎಂದು ಗಿರಿಜಕ್ಕ ಎತ್ತಿಕೊಂಡಳು. ಆ ಬಾಯಿಗೆ ನೀರು ಬಿಟ್ಟವಳು ಅವಳೇ. ಮುಂದಿನ ಮಾತು ಹೊರಡಲಿಲ್ಲ.

ಆಗ ಕಂಬದ ಕಡೆಯಿಂದ ಕೂಗು ಬಂತು. "ನಾನು ಕಳಿಸ್ಲಿಲ್ಲ ಕಣಕ್ಕಾ! ಶುಭಕಾರ್ಯ ಕೆಡ್ತದೆ ಅಂತ ನಿನ್ ಮಗ್ಳ ನಾನೇ ಕಳಿಸ್ಲಿಲ್ಲ ಕಣಕ್ಕಾ!" ಸುಲೋಚನಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. ಹೆಂಗಸರೆಲ್ಲ ಅತ್ತ ತಿರುಗಿದರು. ಕೆಲವರು ಹಿಡಿಯಲು ಎದ್ದರು, ಕೆಲವರು ಕೂತಲ್ಲೇ ಕೂತರು.

ಪುಷ್ಪಾ ತಿರುಗಲಿಲ್ಲ. ತಾಯಿಯ ತಣ್ಣಗಿನ ಕಿವಿಗೆ ಬಾಯಿ ಹಚ್ಚಿ, ಗಿರಿಜಕ್ಕ ಬಿಟ್ಟ ಮಾತನ್ನು ಬರೀ ಉಸಿರಿನಲ್ಲಿ ಹೇಳತೊಡಗಿದಳು. ಹೊರುವವರು ಬಂದು ನಿಂತು ಕರೆದರು. ಅವಳು ಹೇಳುತ್ತಲೇ ಇದ್ದಳು.