ಮಾರ್ನಾಳ ಮೂರನೇ ತೋಟಾ

ನನ್ನ ತಮ್ಮ ಗಾರ್ತ್‌ಗೆ ಎಳ್ಳಷ್ಟು ಬುದ್ಧಿ ಇದ್ದಿದ್ದರೆ ನನಗೆ ಇಷ್ಟೆಲ್ಲ ಒದ್ದಾಟವೇ ಇರುತ್ತಿರಲಿಲ್ಲ. ಕೋವಿ ಮುಟ್ಟಿ ಗೊತ್ತಿಲ್ಲದ ಹೆಂಗಸಿನ ಕೈಗೆ ಯಾರಾದರೂ ಕರಡಿ ಹೊಡೆಯುವ ಕೋವಿ ಕೊಡುತ್ತಾರೆಯೇ? ಇವನು ಕೊಟ್ಟ. ಸುತ್ತ ನಿಂತವರು ನಗಲಿ ಎಂದೇ ಕೊಟ್ಟ. ಗುಂಡು ಹಾರಿದಾಗ ಅದು ಹಿಂದಕ್ಕೆ ಒದ್ದ ರಭಸಕ್ಕೆ ಕೋವಿಯ ಮೇಲಿನ ದುರ್ಬೀನಿನ ಅಂಚು ಬಡಿದು ಮಾರ್ನಾಳ ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದವು. ಇವನು ಹೊಟ್ಟೆ ಹಿಡಿದುಕೊಂಡು ನಕ್ಕ, ಕತ್ತೆ!

ಮಾರ್ನಾ ನಮ್ಮ ಕೊನೆಯ ತಮ್ಮ ಲೈಲ್‌ನ ಹೆಂಡತಿ. ಲೈಲ್ ತೀರಿಕೊಂಡು ಎರಡು ವರ್ಷವಾಯಿತು. ಅವಳು ಶಾಲೆಯ ಬಸ್ಸು ಓಡಿಸಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆ. ಮೊಂಟಾನಾದ ನಮ್ಮ ಕಡೆ ಹಿಮ ಕೂರುವ ಮೊದಲು ಫ್ರೀಜರ್ ತುಂಬ ಎಲ್ಕ್ ಕಡವೆಯ ಮಾಂಸ ಇರಬೇಕು. ಲೈಲ್ ಹೋದಮೇಲೆ ಅದನ್ನು ತಂದು ಹಾಕುತ್ತಿದ್ದವನು ಗಾರ್ತ್. ತಂದದ್ದು ಸರಿ, ಆದರೆ ಚರ್ಚಿನ ಕಾಫಿ ಕೂಟದಲ್ಲಿ ಪ್ರತಿ ಭಾನುವಾರ ಅದನ್ನೇ ಸಾರುತ್ತಿದ್ದ: "ನಮ್ ಮಾರ್ನಾ ಮನೆ ಒಲೆ ಉರಿಯೋದು ನನ್ ಕೋವಿಯಿಂದ ಕಣ್ರಪ್ಪ." ಅವಳು ತಲೆ ತಗ್ಗಿಸಿಕೊಂಡು ಕಾಫಿ ಕುಡಿಯುತ್ತಿದ್ದಳು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಸರ್ಕಾರದವರು ಬೇಟೆಗಾಗಿ ಚೀಟಿ ಎತ್ತಿದಾಗ ಮಾರ್ನಾಳ ಹೆಸರು ಬಂತು. ಒಂದು ಹೆಣ್ಣು ಎಲ್ಕ್ ಹೊಡೆಯಲು ಪರವಾನಗಿ! ಅದೂ ಮುದುಕ ಹ್ಯಾಲ್ವರ್ ಸ್ಕಾರ್‌ನ ಜಮೀನಿರುವ ಬೆಟ್ಟದ ಸಾಲಿನಲ್ಲಿ. ಹ್ಯಾಲ್ವರ್ ಯಾರನ್ನೂ ಸುಮ್ಮನೆ ಒಳಗೆ ಬಿಡುವವನಲ್ಲ. ನೂರು ಗಜ ದೂರದಲ್ಲಿ ಊಟದ ಕಾಗದದ ತಟ್ಟೆ ಕಟ್ಟುತ್ತಾನೆ. ಮೂರು ತೋಟಾ, ಮೂರೂ ತಟ್ಟೆಯೊಳಗೆ. ಒಂದು ತಪ್ಪಿದರೂ ಗೇಟು ತೆಗೆಯುವುದಿಲ್ಲ. ಗಾಯಗೊಂಡ ಪ್ರಾಣಿ ತನ್ನ ಬೆಟ್ಟದಲ್ಲಿ ನರಳುವುದು ಅವನಿಗೆ ಬೇಡ.

"ಆಗಲ್ಲ ಅಕ್ಕ," ಎಂದಳು ಮಾರ್ನಾ. "ಕೋವಿ ಭುಜಕ್ಕಿಟ್ರೆ ಸಾಕು, ಕಣ್ಣು ತಾನಾಗೇ ಮುಚ್ಕೊಳ್ಳತ್ತೆ."

"ಆಗತ್ತೆ. ಲೈಲ್ ಕೋವಿ ತಗೊಂಡು ನಮ್ಮನೆಗೆ ಬಾ. ಗಾರ್ತ್ ಮುಖ ನೋಡ್ಬೇಕು ನಾನು."

ನಾನು ಮೂವತ್ತೊಂದು ವರ್ಷ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿದವಳು. ಗಂಡನಿದ್ದಾಗಿನಿಂದ ಖಾಲಿ ತೋಟಾಗಳಿಗೆ ಸಿಡಿಮದ್ದು ತುಂಬುವ ನಮ್ಮ ಮನೆಯ ಮೇಜು ನನ್ನದೇ. ಮದ್ದು ಕಡಿಮೆ ಹಾಕಿದರೆ ಒದೆತ ಕಡಿಮೆಯಾಗುತ್ತದೆ, ಅಷ್ಟೇ ತಾನೆ ಎನ್ನುವವರಿದ್ದಾರೆ. ಅಂಥವರ ಕಿವಿ ಹಿಂಡಬೇಕು. ಕೆಲವು ಮದ್ದು ಅರ್ಧ ತುಂಬಿದರೆ ಕೋವಿಯನ್ನೇ ಸೀಳುತ್ತದೆ. ಹೆಚ್ಚು ಒದೆಯದ ಮೆತ್ತಗಿನ ತೋಟಾಕ್ಕೆ ಬೇರೆಯೇ ಜಾತಿಯ ಮದ್ದು, ಹಗುರ ಗುಂಡು. ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ, ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾರ್ನಾಗೆಂದು ಪ್ರತಿಯೊಂದನ್ನೂ ತೂಗಿದೆ. ಒಂದೇ ಹಿತ್ತಾಳೆ ಕೊಳವೆಗೆ ಎರಡು ಸಲ ಸುರಿದಿಲ್ಲವಲ್ಲ ಎಂದು ಟಾರ್ಚು ಹಿಡಿದು ಒಂದೊಂದರೊಳಗೂ ಇಣುಕಿದೆ. ಪೂರ್ತಿ ಬಲದ ತೋಟಾಗಳ ಜೊತೆ ಬೆರೆಯದಿರಲೆಂದು ಎಲ್ಲದರ ತಳಕ್ಕೂ ಕೆಂಪು ಉಗುರುಬಣ್ಣ ಬಳಿದೆ.

ಮೊದಲನೆಯದು ಹೊಡೆದು ಮಾರ್ನಾ ನನ್ನ ಕಡೆ ತಿರುಗಿದಳು. "ಹಾರ್ತಾ? ಒದೀಲೇ ಇಲ್ವಲ್ಲ!"

"ಹಾರ್ತು ಕಣೇ ಹುಚ್ಚಿ! ಅಲ್ನೋಡು ತೂತು!"

ಆ ಹುಡುಗಿ ಕುಣಿದಾಡಿದಳು. ಹುಡುಗಿ ಎಂದೆನೇ? ನಲವತ್ಮೂರು ಅವಳಿಗೆ. ಐದು ವಾರ, ದಿನಾ ಸಂಜೆ ಬಸ್ಸು ನಿಲ್ಲಿಸಿ ಸೀದಾ ನಮ್ಮ ಹಿತ್ತಲಿಗೆ ಬಂದಳು. ಆ ಮೆತ್ತಗಿನ ತೋಟಾ ಎಲ್ಲಿಗೆ ಹೊಡೆಯುತ್ತದೋ ಅಲ್ಲಿಗೇ ದುರ್ಬೀನನ್ನು ಹೊಂದಿಸಿದೆವು. ದಿನದಿಂದ ದಿನಕ್ಕೆ ತೂತುಗಳು ಒಂದರ ಪಕ್ಕ ಒಂದು ಬಂದು ಕೂತವು. ನನಗೂ ರಾತ್ರಿ ನಿದ್ದೆ ಹತ್ತದಷ್ಟು ಖುಷಿ.

ಗುರುವಾರ ಮಧ್ಯಾಹ್ನ ಹ್ಯಾಲ್ವರ್‌ನ ಹುಲ್ಲುಗಾವಲಿಗೆ ಹೋದೆವು. ನಾನು ಎಣಿಸಿ ಮೂರೇ ತೋಟಾ ಒಯ್ದಿದ್ದೆ. ಮೂರು ಕೇಳಿದ್ದಾನೆ, ನಾಲ್ಕನೆಯದು ಯಾಕೆ ಎಂಬ ಜಂಬ ನನ್ನದು. ಹ್ಯಾಲ್ವರ್ ತಟ್ಟೆ ಕಟ್ಟಿ ಬಂದು ದೊಡ್ಡ ದುರ್ಬೀನಿಗೆ ಕಣ್ಣಿಟ್ಟು ಕೂತ. ಮಾರ್ನಾ ಹುಲ್ಲಿನ ಮೇಲೆ ಬೋರಲು ಮಲಗಿ ಕೋವಿಯನ್ನು ಚೀಲದ ಮೇಲಿಟ್ಟಳು. ಒಂದು ಹೊಡೆದಳು. ತಟ್ಟೆಯ ನಡುವೆ! ಎರಡನೆಯದು ಅದರಿಂದ ಎರಡು ಬೆರಳು ಆಚೆ. ಇನ್ನೊಂದು, ದೇವರೇ, ಇನ್ನೊಂದೇ ಒಂದು.

ಮೂರನೆಯದಕ್ಕೆ ಟಿಕ್ ಎಂದಿತು. ಅಷ್ಟೇ. ಗುಂಡು ಹಾರಲಿಲ್ಲ.

ಏನಾಯಿತೆಂದು ಆ ಕ್ಷಣವೇ ನನಗೆ ಗೊತ್ತಾಯಿತು. ಹೊಸಬರ ಬೆಚ್ಚು ಬಿಡಿಸಲು ನಾವು ತೋಟಾಗಳ ನಡುವೆ ಸುಳ್ಳು ತೋಟಾ ಒಂದನ್ನು ಸೇರಿಸುತ್ತೇವೆ. ಒಳಗೆ ಮದ್ದಿಲ್ಲ, ಮದ್ದಿಗೆ ಕಿಡಿ ಕೊಡುವ ತಳದ ಕೇಪು ಆಗಲೇ ಹೊಡೆದು ಸತ್ತದ್ದು. ಹೊಡೆಯುವವರು ಬೆಚ್ಚಿದರೆ ಗುಂಡು ಹಾರದಿದ್ದರೂ ನಳಿಗೆ ಧಡಕ್ಕನೆ ಕುಣಿದು ಗುಟ್ಟು ಬಿಟ್ಟುಕೊಡುತ್ತದೆ. ಸತ್ತ ಕೇಪಿನ ಮೇಲೆ ಬಿದ್ದ ಗುಳಿ ಮಾರ್ನಾಳಿಗೆ ಕಾಣದಿರಲೆಂದು ಅದಕ್ಕೂ ದಪ್ಪಗೆ ಕೆಂಪು ಬಣ್ಣ ಬಳಿದಿದ್ದವಳು ನಾನೇ. ಆಮೇಲೆ ಅದನ್ನೇ ಎಣಿಸಿ ತಂದಿದ್ದೆ, ಮೂವತ್ತೊಂದು ವರ್ಷ ಎಣಿಸಿದ ಮಹಾತಾಯಿ!

ಮಾರ್ನಾ ಅಲುಗಲಿಲ್ಲ. ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ, ಕೋವಿ ತಿರುಗಿಸಬೇಡ ಎಂದು ಹೇಳಿಕೊಟ್ಟಿದ್ದೆ. ಅವಳು ನಳಿಗೆಯನ್ನು ತಟ್ಟೆಯ ಕಡೆಗೇ ಹಿಡಿದು ಬಾಯಲ್ಲೇ ಅರವತ್ತರವರೆಗೆ ಎಣಿಸಿದಳು. ಆಮೇಲೆ ತೋಟಾ ಹೊರಗೆ ತೆಗೆದಳು.

"ತಪ್ಪು ನಂದು ಹ್ಯಾಲ್ವರ್," ಎಂದೆ. "ಅದು ಸುಳ್ಳು ತೋಟಾ. ಮನೆಗೋಗಿ ಇನ್ನೊಂದು ತರ್ತೀನಿ. ಅವಳನ್ನ ವಾಪಸ್ ಕಳಿಸ್ಬೇಡಿ."

ಹ್ಯಾಲ್ವರ್ ದುರ್ಬೀನನ್ನು ಪಕ್ಕಕ್ಕೆ ಸರಿಸಿದ. "ತರೋದೇನೂ ಬೇಡ. ಮೂರನೇದಕ್ಕೆ ದುರ್ಬೀನಿಂದ ಕಣ್ಣು ತೆಗ್ದಿದ್ದೆ. ಟಿಕ್ ಅಂದಾಗ ನಾನು ನೋಡಿದ್ದು ತಟ್ಟೆನಲ್ಲ, ನಳಿಗೆನ. ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ನಮ್ಮೂರ ಗಂಡಸರಲ್ಲಿ ಅರ್ಧ ಜನಕ್ಕೆ ಆ ಯೋಗ್ಯತೆ ಇಲ್ಲ. ನಂಗಿಷ್ಟು ಸಾಕು, ಏಳಮ್ಮ."

ನಾನು ಕುಣಿಯುವುದೊಂದು ಬಾಕಿ. ಆದರೆ ಮಾರ್ನಾ ಏಳಲಿಲ್ಲ.

"ಮೂರು ಅಂದಿದ್ರಿ."

"ಮೂರನೇದು ಬಿಟ್ಟೆ ಅಂದ್ನಲ್ಲಮ್ಮ."

"ಬಿಡ್ಬೇಡಿ ಹ್ಯಾಲ್ವರ್. ಭಾನುವಾರ ಗಾರ್ತ್ ಏನಂತಾನೆ ಗೊತ್ತಾ? ವಿಧವೆ ಅಂತ ಮರುಕಪಟ್ಟು ಒಳಗ್ ಬಿಟ್ರು ಅಂತಾನೆ. ನಿಮ್ ಕೋವಿಗೂ ನನ್ ಕೋವಿಗೂ ಒಂದೇ ತೋಟಾ ಅಲ್ವಾ? ಒಂದು ಕೊಡಿ."

ಹ್ಯಾಲ್ವರ್ ಜೇಬಿಗೆ ಕೈ ಹಾಕಿ ಒಂದನ್ನು ತೆಗೆದ. ಅಂಗಡಿಯ ಪೂರ್ತಿ ಬಲದ ತೋಟಾ.

"ಬೇಡ ಕಣೇ! ಅದು ಒದೆಯತ್ತೆ! ಕೈಗ್ ಬಂದಿದ್ದನ್ನ ಕಳ್ಕೋಬೇಡ!"

"ಒದೀಲಿ."

ಅವಳು ಹಟ ಹಿಡಿದರೆ ಮುಗಿಯಿತು. ಬಲದ ತೋಟಾ ನಮ್ಮದಕ್ಕಿಂತ ಮೇಲಕ್ಕೆ ಹೊಡೆಯುತ್ತದೆ. "ನಾಲ್ಕು ಬೆರಳು ಕೆಳಗೆ ಹಿಡಿ!" ಎಂದು ಅರಚಿದೆ. "ಹುಬ್ಬನ್ನ ಗಾಜಿನಿಂದ ದೂರ ಇಡು! ಭುಜಕ್ಕೆ ಒತ್ತಿ ಹಿಡಿ!"

"ಅಕ್ಕ, ಸ್ವಲ್ಪ ಸುಮ್ನಿರ್ತೀಯಾ?"

ಅವಳು ಉಸಿರೆಳೆದು ಅರ್ಧ ಬಿಟ್ಟಳು. ಢಮಾರ್! ನಳಿಗೆ ಮೇಲಕ್ಕೆ ಚಿಮ್ಮಿತು, ಅವಳ ಟೋಪಿ ಹಾರಿ ಹುಲ್ಲಿಗೆ ಬಿತ್ತು. ಹ್ಯಾಲ್ವರ್ ದುರ್ಬೀನಿನಲ್ಲಿ ನೋಡಿದ, ಕಣ್ಣುಜ್ಜಿಕೊಂಡ, ಮತ್ತೆ ನೋಡಿದ.

"ಹೇಳ್ರೀ!" ಎಂದು ಕೂಗಿದೆ.

"ಮೇಲಂಚಿಗೆ ಹತ್ರ. ಆದ್ರೆ ಒಳಗೆ."

ನಾನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಅಳುವಿನ ನಡುವೆ ನಗುವೂ ಬರುತ್ತಿತ್ತು. ಮಾರ್ನಾ ಭುಜ ತಿಕ್ಕಿಕೊಳ್ಳುತ್ತ ಎದ್ದು ನಿಂತಳು. ಹಣೆಯಲ್ಲಿ ಒಂದು ಹೊಸ ಗೀರೂ ಇರಲಿಲ್ಲ.

"ಇಷ್ಟೇನಾ?" ಎಂದಳು. "ಇಷ್ಟಕ್ಕಾ ನಾನು ಹೆದರಿದ್ದು?"

ಹ್ಯಾಲ್ವರ್ ಗೊಂಚಲಿನಿಂದ ಗೇಟಿನ ಬೀಗದ ಕೈ ಬಿಡಿಸಿ ಅವಳ ಕೈಗಿಟ್ಟ. ನಾವು ಊರಿನ ರಸ್ತೆಗೆ ಬರುವ ಮೊದಲೇ ಅವಳು ಫೋನು ತೆಗೆದು ಗಾರ್ತ್‌ಗೆ ಹಚ್ಚಿದಳು.

"ಗಾರ್ತ್, ಈ ವರ್ಷ ನಮ್ಮನೆಗೆ ಮಾಂಸ ತರ್ಬೇಡ," ಎಂದಳು. "ನಿಂಗೇನಾದ್ರೂ ಬೇಕಿದ್ರೆ ನನ್ನ ಕೇಳು."