ಕರ್ಪೂರ ಆರಿಸಿ ಕೊಟ್ಟ ಮಾತು

ಪುರಸೈವಾಕ್ಕಂನ ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಸದಾನಂದನಿಗೆ ಜನರನ್ನು ಸಾಲಿನಲ್ಲಿ ನಿಲ್ಲಿಸುವುದು ನೀರು ಕುಡಿದಷ್ಟು ಸುಲಭ. ಮಧ್ಯಾಹ್ನದ ಊಟಕ್ಕೆ ನುಗ್ಗುವ ಇನ್ನೂರು ಜನರನ್ನು ಜಗಳವಿಲ್ಲದೆ ಕೂರಿಸಿ ಎಬ್ಬಿಸುವ ಮನುಷ್ಯ. ಆದರೆ ಎಪ್ಪತ್ತೆಂಟನೆಯ ಇಸವಿಯಲ್ಲಿ ಅವನ ಹೆಂಡತಿ ಸುಗುಣಾಳೇ ಒಂದು ಸಾಲಿನಲ್ಲಿ ಸಿಕ್ಕಿಕೊಂಡಳು. ಅವಳ ಹೃದಯದ ವಾಲ್ವ್ ಮುಚ್ಚಿಕೊಳ್ಳುತ್ತ ಬಂದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ದೀಪಾವಳಿಯೊಳಗೆ ಆಪರೇಷನ್ ಆಗದಿದ್ದರೆ ತಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಮುಖಕ್ಕೆ ಮುಖ ಕೊಟ್ಟೇ ಹೇಳಿದ್ದರು.

ಆ ಆಪರೇಷನ್ನನ್ನು ಬಡವರಿಗೆ ಮಾಡುತ್ತಿದ್ದದ್ದು ಎರಡೇ ಕಡೆ: ಊರ ನಡುವಿನ ದೊಡ್ಡಾಸ್ಪತ್ರೆ, ತಿರುವೊಟ್ಟಿಯೂರಿನ ಕಡೆಯ ಮಿಷನ್ ಆಸ್ಪತ್ರೆ. ಎರಡರಲ್ಲೂ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಪಟ್ಟಿ ಹಿಡಿದು ಮೇಲಿನಿಂದ ಹೆಸರು ಕೂಗುತ್ತಿದ್ದರು. ರೋಗಿಯೇ ಎದುರಿಗೆ ಇರಬೇಕು. ಇದ್ದವರಿಗೆ ಹಾಸಿಗೆ. ಮೂರು ಸಲ ಕೂಗಿದರೂ ಇಲ್ಲದವರ ಹೆಸರಿಗೆ ಕೆಂಪು ಗೀಟು, ಮತ್ತೆ ಬರೆಸಬೇಕಾದರೆ ಜನವರಿಯ ತನಕ ಕಾಯಬೇಕು. ಎರಡೂ ಕಡೆ ಒಂದೇ ದಿನ, ಒಂದೇ ಹೊತ್ತಿಗೆ ಯಾಕೆ ಕೂಗಬೇಕು ಎಂದು ಕೇಳುವ ಧೈರ್ಯ ಯಾರಿಗಿತ್ತು? ಪ್ರಾಣಭಯಕ್ಕೆ ಎಲ್ಲರೂ ಎರಡೂ ಪಟ್ಟಿಗಳಲ್ಲಿ ಹೆಸರು ಬರೆಸಿದ್ದರು. ಮಂಗಳವಾರ ಬಂತೆಂದರೆ ಎಲ್ಲಿಗೆ ಹೋಗುವುದು ಎಂಬ ಜೂಜು. ಇಲ್ಲಿ ಕೂತಾಗ ಅಲ್ಲಿ ಕೂಗುತ್ತಿದ್ದರು, ಅಲ್ಲಿ ಕೂತಾಗ ಇಲ್ಲಿ.

ಹೋಟೆಲಿಗೆ ದಿನಾ ಕಾಫಿಗೆ ಬರುವ ಗಣಿತದ ಲೆಕ್ಚರರ್ ಹರಿಹರರ ಮುಂದೆ ಸದಾನಂದ ಈ ಗೋಳು ತೋಡಿಕೊಂಡ. ಅವರಿಗೆ ಎಲ್ಲಿಲ್ಲದ ಉತ್ಸಾಹ ಬಂದುಬಿಟ್ಟಿತು. ಬೇರೆಯವರ ಸಂಕಟದಲ್ಲಿ ಲೆಕ್ಕ ಕಂಡರೆ ಖುಷಿಪಡುವ ಜಾತಿ ಅದು.

"ಇದಕ್ಕೇ ಒಂದು ಗಣಿತ ಇದೆ ಕಣ್ರೀ, ಗೇಮ್ ಥಿಯರಿ ಅಂತ" ಎಂದರು ಹರಿಹರ. "ಒಬ್ಬೊಬ್ಬರೂ ತಮಗೆ ಒಳ್ಳೇದು ಅಂತ ಎರಡು ಕಡೆ ಹೆಸರು ಕೊಡ್ತಾರೆ. ಅದರಿಂದ್ಲೇ ಎಲ್ರಿಗೂ ಕೆಟ್ಟದ್ದಾಗುತ್ತೆ. ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಅಂತ ಒಪ್ಪಂದ ಮಾಡ್ಕೊಳ್ಳಿ. ಯಾರ ಹೆಸರಿಗೂ ಗೀಟು ಬೀಳಲ್ಲ."

"ಹಾಗೆ ಮಾಡುವ ಅಲ್ವಾ ಸಾರ್!"

"ಮಾಡ್ಬಹುದು. ಆದ್ರೆ ಉಳಿದೋರೆಲ್ಲ ಮಾತು ಉಳಿಸ್ಕೊಂಡಾಗ ಮುರಿದೋನಿಗೇ ಜಾಸ್ತಿ ಲಾಭ. ಮುರಿದ್ರೆ ಶಿಕ್ಷೆ ಕೊಡೋರು ಯಾರಾದ್ರೂ ಬೇಕು."

ಶಿಕ್ಷೆ ಕೊಡುವವರನ್ನು ಸದಾನಂದ ದೊಡ್ಡಾಸ್ಪತ್ರೆಯ ಅಂಗಳದಲ್ಲೇ ಕಂಡುಕೊಂಡ. ಅಲ್ಲಿ ಅರಳಿಮರದ ಬುಡದಲ್ಲಿ ಒಂದು ಪಿಳ್ಳೈಯಾರ್ ಗುಡಿ, ಅಂದರೆ ನಮ್ಮ ಗಣಪನ ಗುಡಿಯಿತ್ತು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಮಾಡಿದ ಸತ್ಯವನ್ನು ಈ ಊರಿನಲ್ಲಿ ಕಳ್ಳನೂ ಮುರಿಯುವುದಿಲ್ಲ ಎನ್ನುತ್ತಾರೆ. ಎರಡು ವಾರ ಓಡಾಡಿ, ತಮಿಳಿನಲ್ಲೂ ಕನ್ನಡದಲ್ಲೂ ಕೈಮುಗಿದು, ಇಪ್ಪತ್ತೆಂಟು ಮನೆಯವರನ್ನು ಒಪ್ಪಿಸಿ ಅಲ್ಲಿ ಸೇರಿಸಿದ. ಚೀಟಿ ಎತ್ತಿ ಹದಿನಾಲ್ಕು ಮಂದಿ ದೊಡ್ಡಾಸ್ಪತ್ರೆಗೆ, ಹದಿನಾಲ್ಕು ಮಂದಿ ಮಿಷನ್ನಿಗೆ ಎಂದು ತೀರ್ಮಾನವಾಯಿತು. ಹುಬ್ಬಳ್ಳಿಯ ಕಡೆಯಿಂದ ಬಂದ ರೈಲ್ವೆ ಮನೆತನದ ಗೋದಾಬಾಯಿ ಮಗನ ಪರವಾಗಿ ಕರ್ಪೂರ ಆರಿಸಿದರು. ಅಂಬತ್ತೂರಿನ ಫ್ಯಾಕ್ಟರಿಯ ಫಿಟ್ಟರ್ ಭೋಜರಾಜ ತಮ್ಮನ ಪರವಾಗಿ ಆರಿಸಿದ. ಬಂದರಿನಲ್ಲಿ ಮೂಟೆ ಹೊರುವ ಐತಪ್ಪ ಹೆಂಡತಿಗಾಗಿ ಆರಿಸುವಾಗ ಕಣ್ಣುಮುಚ್ಚಿ ಅತ್ತೇಬಿಟ್ಟ. ಕಡೆಯಲ್ಲಿ ಸದಾನಂದನೂ ಆರಿಸಿದ. ನಾಲ್ವರೂ ದೊಡ್ಡಾಸ್ಪತ್ರೆಯ ಪಾಲಿನವರು. ಮಿಷನ್ನಿನ ಪಟ್ಟಿಯಿಂದ ತಮ್ಮ ಹೆಸರು ತಾವೇ ಹೊಡೆಸಿಹಾಕುವುದೆಂದು ಮಾತಾಯಿತು. ದೊಡ್ಡಾಸ್ಪತ್ರೆಯ ಪಟ್ಟಿಯಲ್ಲಿ ಸುಗುಣಾ ನಾಲ್ಕನೆಯವಳು, ಐತಪ್ಪನ ಹೆಂಡತಿ ಹದಿನಾಲ್ಕನೆಯವಳು.

ಸದಾನಂದ ಹೆಸರು ಹೊಡೆಸಲು ಮಿಷನ್ನಿಗೆ ಹೋದವನು ಹೊಡೆಸದೆ ವಾಪಸ್ಸಾದ. ಗುಮಾಸ್ತ ಊಟಕ್ಕೆ ಹೋಗಿದ್ದ ಎಂಬುದು ನೆಪ. ಅರ್ಧ ಗಂಟೆ ಕಾದಿದ್ದರೆ ಅವನೇನು ಕರಗಿಹೋಗುತ್ತಿರಲಿಲ್ಲ.

ಆಮೇಲಿನ ಎರಡು ಮಂಗಳವಾರ ದೊಡ್ಡಾಸ್ಪತ್ರೆಯಲ್ಲಿ ಹೆಸರೇ ಕೂಗಲಿಲ್ಲ. ಥಿಯೇಟರಿನಲ್ಲಿ ರಿಪೇರಿಯಂತೆ. ಸುಗುಣಾಳ ಕಾಲು ಬಾತುಕೊಂಡಿತು. ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ಮೂರನೆಯ ವಾರ, ಸೋಮವಾರ ಸಂಜೆ, ಮಿಷನ್ನಿನ ವಾರ್ಡಿನ ಆಳು ಹೋಟೆಲಿಗೆ ಬಂದು ಪಿಸುಗುಟ್ಟಿದ: "ಸಾರ್, ಯಾರ್ಕಿಟ್ಟೆಯೂ ಹೇಳ್ಬೇಡಿ. ನಮ್ಮ ಸರ್ಜನ್ ಆರು ತಿಂಗಳು ರಜೆ ಮೇಲೆ ಹೋಗ್ತಾರೆ. ನಾಳೆ ಒಂದೇ ಸಲ ಆರು ಬೆಡ್ಡು."

ಸದಾನಂದನ ತಲೆಯೊಳಗೆ ಹರಿಹರರ ಗಣಿತ ಗಿರಗಿರನೆ ತಿರುಗಿತು. ಮಿಷನ್ನಿನ ಪಟ್ಟಿಯಲ್ಲಿ ಸುಗುಣಾಳ ಮುಂದೆ ಹನ್ನೊಂದು ಜನ. ಅದರಲ್ಲಿ ಏಳು ಮಂದಿ ಕರ್ಪೂರ ಆರಿಸಿ ದೊಡ್ಡಾಸ್ಪತ್ರೆಗೆ ಬಂದವರು. ಉಳಿಯುವುದು ನಾಲ್ಕು, ಹಾಸಿಗೆ ಆರು. ಅಂದರೆ ಐದನೆಯದು ಇವಳದ್ದೇ! ದೊಡ್ಡಾಸ್ಪತ್ರೆಯಲ್ಲಿ ನಾಳೆಯೂ ಕೂಗುವುದು ಅಷ್ಟರಲ್ಲೇ ಇದೆ. ಮಾತು ಮುರಿಯುವವನು ತಾನೊಬ್ಬನೇ, ಒಬ್ಬನಿಂದ ಏನಾದೀತು? ಕೈಹಿಡಿದವಳ ಉಸಿರಿನ ಮುಂದೆ ಪಿಳ್ಳೈಯಾರ್ ಒಂದಿಷ್ಟು ಕಣ್ಣುಮುಚ್ಚಿಕೊಳ್ಳಲಿ ಎಂದುಕೊಂಡ.

"ಸತ್ಯ ಮಾಡಿದ್ದೀರಲ್ಲ?" ಎಂದಳು ಸುಗುಣಾ.

"ನೀನು ಸುಮ್ನೆ ಹೊರಡು ಮಾರಾಯ್ತಿ."

ಅವಳು ಹೊರಟಳು.

ಮಿಷನ್ನಿನ ಜಗಲಿಗೆ ಕಾಲಿಟ್ಟಾಗ ಸದಾನಂದನಿಗೆ ಮೊದಲು ಕಂಡದ್ದು ಗೋದಾಬಾಯಿಯ ಹಸಿರು ಸೀರೆ. ಮಗನನ್ನು ಬೆನ್ನ ಹಿಂದೆ ಮರೆಮಾಡಿಕೊಳ್ಳುತ್ತ, "ನಾ ಸುಮ್ನ ನೋಡಾಕ ಬಂದಿದ್ನಿರಿ" ಎಂದರು. ಆಚೆ ಕಂಬದ ಹಿಂದೆ ಭೋಜರಾಜನೂ ಅವನ ತಮ್ಮನೂ. "ನೀವೂನಾ ಸಾರ್?" ಎಂದು ಅವನು ಪೆಚ್ಚುಪೆಚ್ಚಾಗಿ ನಕ್ಕ. ಬೆಂಚಿನ ಮೇಲೆ, ಮೆಟ್ಟಿಲ ಮೇಲೆ, ನಲ್ಲಿಯ ಬಳಿ, ದೊಡ್ಡಾಸ್ಪತ್ರೆಯ ಪಾಲಿನವರೇ ತುಂಬಿದ್ದರು. ಯಾರೂ ಇಲ್ಲಿನ ಪಟ್ಟಿಯಿಂದ ಹೆಸರು ಹೊಡೆಸಿರಲಿಲ್ಲ. ಆ ಆಳು ಒಬ್ಬೊಬ್ಬರಿಗೂ ಗುಟ್ಟಾಗಿ ಹೇಳಿದ್ದ. ಒಬ್ಬೊಬ್ಬರೂ ತಾವೊಬ್ಬರೇ ಎಂದುಕೊಂಡು ಬಂದಿದ್ದರು. ಯಾರೂ ಯಾರನ್ನೂ ಬೈಯಲಿಲ್ಲ, ಬೈಯುವ ಬಾಯಿ ಯಾರಿಗೂ ಉಳಿದಿರಲಿಲ್ಲ. ಮಾತಿನಂತೆ ಮಿಷನ್ನಿಗೇ ಉಳಿದಿದ್ದ ಎಳೆ ಬಾಣಂತಿಯೊಬ್ಬಳು ಮಾತ್ರ ಇವರನ್ನೆಲ್ಲ ಎಣಿಸಿ ಎಣಿಸಿ ನೋಡುತ್ತಿದ್ದಳು. ಆ ನೋಟ ತಾಳಲಾರದೆ ಸದಾನಂದ ಗೋಡೆಯ ಕಡೆ ತಿರುಗಿದ.

ಆರನೆಯ ಹೆಸರಿಗೆ ಪಟ್ಟಿ ಮುಚ್ಚಿತು. ಗೋದಾಬಾಯಿಯ ಮಗನ ಹೆಸರಾಗಲಿ, ಭೋಜರಾಜನ ತಮ್ಮನ ಹೆಸರಾಗಲಿ, ಆ ಬಾಣಂತಿಯ ಹೆಸರಾಗಲಿ ಬರಲಿಲ್ಲ. ಸುಗುಣಾಳದ್ದು ಹನ್ನೆರಡನೆಯದಾಗಿಯೇ ಉಳಿಯಿತು. ಇನ್ನು ಆರು ತಿಂಗಳು ಅಲ್ಲಿ ಆಪರೇಷನ್ ಇಲ್ಲ.

ಬಸ್ಸಿಳಿದು ಮನೆಗೆ ಬಂದರೆ ಮಹಡಿಯ ಮೆಟ್ಟಿಲ ಬುಡದಲ್ಲಿ ಐತಪ್ಪ ಕಾಯುತ್ತಿದ್ದ. ಸದಾನಂದನನ್ನು ಕಂಡದ್ದೇ ಕಾಲಿಗೆ ಬೀಳಲು ಬಗ್ಗಿದ.

"ಬೆಡ್ ಸಿಕ್ಕಿತು ಅಣ್ಣಾ! ನಾಳೆಯೇ ಆಪರೇಷನ್ ಅಂತೆ. ನಿಮ್ಮ ಮಾತು ಹಿಡ್ಕೊಂಡು ನಾನು ಅಲ್ಲಿಯೇ ಕೂತಿದ್ದೆ. ಇವತ್ತು ನಾಲ್ಕು ಬೆಡ್ ಕೊಟ್ರು. ಇದ್ದದ್ದು ನಾವು ಮಾತ್ರ." ಅವನ ದನಿ ತಗ್ಗಿತು. "ಸುಗುಣಕ್ಕನ ಹೆಸರೂ ಕೂಗಿದ್ರು. ಬರ್ತಾರೆ, ಒಂಚೂರು ನಿಲ್ಲಿ ಅಂತ ಸಿಸ್ಟರಿಗೆ ಕೈಮುಗಿದೆ. ಮೂರು ಸಲ ಕೂಗಿ ಗೀಟು ಹಾಕಿಬಿಟ್ರು. ಮೂರು ಬೆಡ್ ಖಾಲಿಯೇ ಉಂಟು ಅಣ್ಣಾ. ಎಂತ ಆಯ್ತು? ಅಕ್ಕನಿಗೆ ಹುಷಾರಿರಲಿಲ್ವಾ?"

 ತನ್ನ ಮಾತನ್ನು ನಂಬಿದ ಒಬ್ಬನೇ ಒಬ್ಬ ಮನುಷ್ಯ ಎದುರಿಗೆ ನಿಂತಿದ್ದ, ಅವನ ಮುಖ ನೋಡುವುದಕ್ಕೂ ಸದಾನಂದನಿಗೆ ಆಗಲಿಲ್ಲ.

"ಹೌದು ಐತಪ್ಪ, ನನಗೇ ಹುಷಾರಿರಲಿಲ್ಲ" ಎಂದಳು ಸುಗುಣಾ. "ನೀನು ಹೋಗು. ಅವಳೊಬ್ಬಳೇ ಇರ್ತಾಳೆ."

ಅವನು ಹೋದ ಮೇಲೆ ಅವಳು ಮೂರು ಮೆಟ್ಟಿಲು ಹತ್ತಿ ಅಲ್ಲೇ ಕುಸಿದು ಕೂತಳು. ಸದಾನಂದ ಪಕ್ಕದಲ್ಲಿ ಕೂತು ಮಗುವಿನ ಹಾಗೆ ಅತ್ತ. ಮೇಲಿನ ಮನೆಯವರು ಕೊಡ ಹಿಡಿದು ಇಳಿದು ಬಂದು, ನೋಡಿ, ಹಾಗೇ ಹಿಂದಕ್ಕೆ ಹತ್ತಿದರು.

"ನಾನೂ ಬಂದೆನಲ್ಲ. ನನಗೂ ಬದುಕುವ ಆಸೆ ಇತ್ತು" ಎಂದಳು ಸುಗುಣಾ, ಎರಡು ಉಸಿರಿನ ನಡುವೆ ಬಿಡಿಸಿ ಬಿಡಿಸಿ. ಆಮೇಲೆ ಕೇಳಿದಳು, "ಬರುವ ಮಂಗಳವಾರ ಎಲ್ಲಿಗೆ ಹೋಗುವುದು?"

ದೀಪಾವಳಿಗೆ ಇನ್ನು ಏಳು ವಾರ ಇತ್ತು. ಹೋಗುವುದಕ್ಕೆ ಜಾಗವೇ ಉಳಿದಿರಲಿಲ್ಲ. ಸದಾನಂದ ಅವಳ ಬಾತ ಕಾಲನ್ನು ಮಡಿಲಿಗೆ ಎತ್ತಿಕೊಂಡು ಮೆಲ್ಲಗೆ ಒತ್ತತೊಡಗಿದ.